ದೊಡ್ಡ ಮೈಯವರಿಗೆ ಕುದುರೆ ಕೊಡುವ ಔಟ್‌ಫಿಟರ್: ಬಾಬ್ ಮಾರ್ಷಲ್ ಕಾಡಿನ ಬೇಟೆ ಮುಗಿಸಿ ಬಂದು ಬರೆದದ್ದು

ನನ್ನ ತೂಕ 118 ಕೆಜಿ, ಅಂದರೆ 260 ಪೌಂಡ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬರೆಯುತ್ತಿರುವುದೇ ನನ್ನಂಥವರಿಗೆ. ಕುದುರೆ ಹತ್ತಿ ಕಾಡಿನ ಒಳಗೆ ಹೋಗಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆ ಆಡಬೇಕು ಅಂತ ಆಸೆ ಇದೆ, ಆದರೆ ತೂಕ ಹೇಳಬೇಕಲ್ಲ ಅಂತ ಔಟ್‌ಫಿಟರ್‌ಗೆ, ಅಂದರೆ ಬೇಟೆಗೆ ಕುದುರೆ ಸಮೇತ ಎಲ್ಲ ಏರ್ಪಾಡು ಮಾಡಿಕೊಡುವವರಿಗೆ, ಫೋನ್ ಮಾಡಲೂ ಹಿಂಜರಿಯುತ್ತಿರುವವರು ಪೂರ್ತಿ ಓದಿ.

ನಾನು ಕೊಡಗಿನವನು, ಈಗ ಇರುವುದು ಸಿಯಾಟಲ್ ಹತ್ತಿರ. ಸೆಪ್ಟೆಂಬರ್ ಬಂತೆಂದರೆ ಮನಸ್ಸು ಊರಿಗೆ ಓಡುತ್ತದೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ನಾಟಿ ಕೆಲಸ ಮುಗಿಸಿ ಗಂಡಸರು ಕಾಡಿಗೆ ಹೋಗುತ್ತಿದ್ದ ಕಾಲದ ಕಥೆಗಳನ್ನು ಅಜ್ಜ ಹೇಳುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಊರಲ್ಲಿ ಬೇಟೆ ನಿಂತಿತು, ಅದು ನಿಲ್ಲಬೇಕಾಗಿಯೂ ಇತ್ತು. ನಾನು ಕಂಡದ್ದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮಾತ್ರ. ಇಲ್ಲಿ ಲೈಸೆನ್ಸ್ ತೆಗೆದುಕೊಂಡು, ಸರ್ಕಾರ ಲೆಕ್ಕ ಹಾಕಿ ಅನುಮತಿ ಕೊಟ್ಟಷ್ಟು ಪ್ರಾಣಿಗಳನ್ನು ಬೇಟೆಯಾಡಬಹುದು. ಅಜ್ಜನ ಆ ಕಥೆಗಳೇ ನನ್ನನ್ನು ಇಲ್ಲಿಗೆ ತಂದವು.

ಅಮೆರಿಕದ ಮೊಂಟಾನ ರಾಜ್ಯದ ಬಾಬ್ ಮಾರ್ಷಲ್ ವಿಲ್ಡರ್‌ನೆಸ್ ಹತ್ತು ಲಕ್ಷ ಎಕರೆಗೂ ಜಾಸ್ತಿ. 1964ರ ವಿಲ್ಡರ್‌ನೆಸ್ ಕಾನೂನಿನಡಿ ಕಾಪಾಡಿದ ಕಾಡು. ಒಳಗೆ ಮೋಟಾರು ಇಲ್ಲ, ಸೈಕಲ್ ಕೂಡ ಇಲ್ಲ. ದಾರಿಗೆ ಮರ ಬಿದ್ದರೆ ಇಬ್ಬರು ಎರಡು ಕಡೆ ಹಿಡಿದು ಎಳೆಯುವ ಗರಗಸದಲ್ಲೇ ಕೊಯ್ಯಬೇಕು. ನಡೆದು ಹೋಗಬೇಕು, ಇಲ್ಲ ಕುದುರೆ ಮೇಲೆ ಹೋಗಬೇಕು. ಇಪ್ಪತ್ತು ಮೈಲಿ ಒಳಗೆ ಬಿದ್ದ ಎಲ್ಕ್‌ನ ಮಾಂಸ ಹೊತ್ತು ತರಲು ಹೇಸರಗತ್ತೆಗಳೇ ಬೇಕು. ಹಾಗಾಗಿ ನನ್ನಂಥ ಹೊರರಾಜ್ಯದವರಿಗೆ ಔಟ್‌ಫಿಟರ್ ಇಲ್ಲದೆ ಇದು ಕಷ್ಟ. ಕುದುರೆ, ಡೇರೆ, ಅಡುಗೆ, ಗೈಡ್ ಎಲ್ಲ ಅವರದೇ.

ಮೊದಲ ಸಲ ನಾನು ಹೋದದ್ದು ಬೇರೆ ರಾಜ್ಯಕ್ಕೆ, ಬೇರೆಯವರ ಜೊತೆ. ಹೆಸರು ಬೇಡ. ಫೋನ್‌ನಲ್ಲಿ ತೂಕ ಹೇಳಿದಾಗ "ತೊಂದರೆ ಇಲ್ಲ, ನಮ್ಮ ಹತ್ತಿರ ದೊಡ್ಡ ಕುದುರೆಗಳಿವೆ" ಅಂದರು. ನನಗೆ ಎಷ್ಟು ಸಮಾಧಾನ ಆಯಿತೆಂದರೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ದಾರಿ ಶುರುವಾಗುವ ಜಾಗಕ್ಕೆ ಹೋಗಿ ನೋಡಿದರೆ ನನಗೆ ಇಟ್ಟಿದ್ದು ಹೆಚ್ಚೆಂದರೆ ಸಾವಿರ ಪೌಂಡ್ ತೂಗುವ ಕುದುರೆ. ಆರು ಗಂಟೆ ಹತ್ತುವ ದಾರಿ. ನಾಲ್ಕನೇ ಗಂಟೆಯಲ್ಲಿ ಅದು ಮತ್ತೆ ಮತ್ತೆ ಎಡವತೊಡಗಿತು, ಜೀನು ಎರಡು ಸಲ ಪಕ್ಕಕ್ಕೆ ವಾಲಿತು. ಕ್ಯಾಂಪ್‌ನಲ್ಲಿ ಜೀನು ತೆಗೆದಾಗ ಅದರ ಭುಜದ ಮೇಲೆ ಚರ್ಮ ಕಿತ್ತು ಹಸಿಯಾಗಿತ್ತು. ಕೈ ಇಟ್ಟರೆ ಬೆನ್ನು ಕುಗ್ಗಿಸುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐದು ದಿನ ಆದ ಮೇಲೆ ವಾಪಸ್ ಬರುವಾಗ ನಾನು ಅದನ್ನು ಹತ್ತಲೇ ಇಲ್ಲ, ಲಗಾಮು ಹಿಡಿದು ನಡೆದು ಬಂದೆ.

ಆಮೇಲೆ ಓದತೊಡಗಿದೆ. ಅಮೆರಿಕದ ಕುದುರೆ ಪಡೆಯ ಕಾಲದಿಂದಲೂ ಇರುವ ಲೆಕ್ಕ ಅಂದರೆ, ಕುದುರೆಯ ತೂಕದ 20 ಶೇಕಡಾಕ್ಕಿಂತ ಜಾಸ್ತಿ ಹೊರಿಸಬಾರದು. 2008ರಲ್ಲಿ ಒಹಾಯೋದ ಸಂಶೋಧಕರು ಎಂಟು ಕುದುರೆಗಳ ಮೇಲೆ 15, 20, 25, 30 ಶೇಕಡಾ ಭಾರ ಹೊರಿಸಿ ನೋಡಿದ್ದರು. 25, 30ಕ್ಕೆ ಹೋದಾಗ ಸ್ನಾಯು ನೋವು, ಬಿಗಿತ ಎದ್ದು ಕಂಡಿತು. ಅದು ಸಮತಟ್ಟು ಜಾಗದಲ್ಲಿ ಸ್ವಲ್ಪ ಹೊತ್ತಿನ ಪರೀಕ್ಷೆ. ಬೆಟ್ಟದಲ್ಲಿ ಆರು ಗಂಟೆ ಅಂದರೆ ನೀವೇ ಯೋಚಿಸಿ.

ಇಲ್ಲಿ ತುಂಬಾ ಜನ ಮರೆಯುವ ವಿಷಯ, ಲೆಕ್ಕ ಬರೀ ನಿಮ್ಮ ತೂಕದ್ದಲ್ಲ. ನನ್ನ ಲೆಕ್ಕ ಹೀಗಿದೆ: ಮೈ ತೂಕ 260, ಬೂಟು ಬಟ್ಟೆ 12, ಜೀನು ಮತ್ತು ಅದರ ಸಾಮಾನು 40, ರೈಫಲ್ 8. ಒಟ್ಟು 320 ಪೌಂಡ್. ಅಂದರೆ ನನಗೆ 1,600 ಪೌಂಡ್‌ನ ಕುದುರೆ ಬೇಕು. ಇಲ್ಲಿ ಸವಾರಿಗೆ ಮಾಮೂಲಿಯಾಗಿ ಬಳಸುವ ಕ್ವಾರ್ಟರ್ ಹಾರ್ಸ್ ತಳಿ ತೂಗುವುದು 1,000ದಿಂದ 1,200. ಹಾಗಾಗಿ ಗಾಡಿ ಎಳೆಯುವ ಪರ್ಷರಾನ್, ಬೆಲ್ಜಿಯನ್ ಥರದ ಭಾರಿ ತಳಿಯ ಬೆರಕೆ ಕುದುರೆ ಬೇಕು, ಇಲ್ಲ ಅಂಥ ತಾಯಿಗೆ ಹುಟ್ಟಿದ ದೊಡ್ಡ ಹೇಸರಗತ್ತೆ ಬೇಕು.

ಈ ಲೆಕ್ಕ ಮುಂದಿಟ್ಟುಕೊಂಡು ಹನ್ನೊಂದು ಜನ ಔಟ್‌ಫಿಟರ್‌ಗಳಿಗೆ ಫೋನ್ ಮಾಡಿದೆ. ಐದು ಜನ "225 ಪೌಂಡ್ ಮೇಲೆ ಆಗಲ್ಲ", "250 ಮೇಲೆ ಆಗಲ್ಲ" ಅಂತ ನೇರವಾಗಿ ಹೇಳಿದರು. ಮೊದಲಾಗಿದ್ದರೆ ಬೇಜಾರಾಗುತ್ತಿತ್ತು, ಈಗ ಅವರ ಮೇಲೆ ಗೌರವ ಬಂತು. ನಾಲ್ಕು ಜನ ಏನೂ ಕೇಳದೆ "ಬನ್ನಿ ಬನ್ನಿ" ಅಂದರು, ಅವರನ್ನು ಬಿಟ್ಟೆ. ಒಬ್ಬರು ವಾಪಸ್ ಫೋನ್ ಮಾಡಲೇ ಇಲ್ಲ.

ಉಳಿದ ಒಬ್ಬರು ನಾನು ಕೇಳುವ ಮೊದಲೇ ಕೇಳಿದರು: ತೂಕ ಎಷ್ಟು, ಎತ್ತರ ಎಷ್ಟು, ಮಂಡಿ ಸೊಂಟದಲ್ಲಿ ನೋವಿದೆಯಾ, ಕೊನೆಯ ಸಲ ಕುದುರೆ ಹತ್ತಿದ್ದು ಯಾವಾಗ, ನೆಲದಿಂದ ಹತ್ತಲು ಆಗುತ್ತಾ. ಅವರ ಹತ್ತಿರ ಮೂರೇ ಮೂರು ಭಾರಿ ಪ್ರಾಣಿಗಳಿವೆ, ಎರಡು ಕುದುರೆ, ಒಂದು ಹೇಸರಗತ್ತೆ. ಅದಕ್ಕೇ ಒಂದು ವಾರದಲ್ಲಿ ದೊಡ್ಡ ಮೈಯವರನ್ನು ಇಬ್ಬರಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಮೂರನೆಯದು ಬದಲಿಗೆ. ಕೊಟ್ಟಿಗೆಯಲ್ಲಿ ತೂಕದ ಯಂತ್ರ ಇದೆ, ಹೊರಡುವ ದಿನ ಬೂಟು ಕೋಟು ಸಮೇತ ಎಲ್ಲರನ್ನೂ ನಿಲ್ಲಿಸುತ್ತಾರೆ. ಯಾರ ಎದುರಿಗೂ ಸಂಖ್ಯೆ ಕೂಗಿ ಹೇಳುವುದಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಅವರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ, ಅದು ಅವರೇ ಕೇಳಿಕೊಂಡದ್ದು. ಇರುವ ಮೂರು ಪ್ರಾಣಿಗಳಿಗೆ ನೂರು ಜನ ಫೋನ್ ಮಾಡಿದರೆ ಇಲ್ಲ ಅಂತ ಹೇಳಿಯೇ ದಿನ ಕಳೆಯಬೇಕಾಗುತ್ತದೆ ಅಂದರು.

ನನಗೆ ಕೊಟ್ಟದ್ದು ಬೂದು ಬಣ್ಣದ ಹೆಣ್ಣು ಕುದುರೆ, ಪರ್ಷರಾನ್ ಬೆರಕೆ, 1,600 ಪೌಂಡ್‌ಗಿಂತ ಸ್ವಲ್ಪ ಮೇಲೆ. ಕಾಲಿನ ಮೂಳೆ ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಕುದುರೆ ದೊಡ್ಡದಿದ್ದರೆ ಸಾಲದು ಅನ್ನುವುದನ್ನು ಅಲ್ಲೇ ಕಲಿತೆ. ಭಾರಿ ಕುದುರೆಯ ಬೆನ್ನು ಅಗಲ, ಗುಂಡಗೆ. ಮಾಮೂಲಿ ಜೀನು ಅದರ ಮೇಲೆ ಕೂರುವುದೇ ಇಲ್ಲ, ಎರಡು ಕಡೆ ಚುಚ್ಚುತ್ತದೆ, ಇಲ್ಲ ಉರುಳುತ್ತದೆ. ಇವರು ಅಗಲ ಬೆನ್ನಿಗೆ ಅಂತಲೇ ಮಾಡಿಸಿದ ಜೀನು ಇಟ್ಟಿದ್ದಾರೆ, ಕೂರುವ ಜಾಗ 17 ಇಂಚು. ಮುಂದೆ ಎದೆಪಟ್ಟಿ, ಹಿಂದೆ ತೊಡೆ ಸುತ್ತಿ ಬರುವ ಪಟ್ಟಿ, ಎರಡೂ ಇದ್ದವು. ಇಳಿಜಾರಿನಲ್ಲಿ ಜೀನು ಕತ್ತಿನ ಕಡೆ ಜಾರದಂತೆ ಹಿಡಿಯುವುದು ಈ ಹಿಂದಿನ ಪಟ್ಟಿಯೇ. ಕಾಲಿಡುವ ರಿಕಾಬು ಅಗಲವಾಗಿತ್ತು, ದಪ್ಪ ಬೂಟು ಸಿಕ್ಕಿಕೊಳ್ಳುವ ಭಯ ಇರಲಿಲ್ಲ.

ಹತ್ತುವ ವಿಷಯ. ಭಾರ ಇರುವವರು ನೆಲದಿಂದ ರಿಕಾಬಿಗೆ ಕಾಲು ಕೊಟ್ಟು ಎದ್ದರೆ ಇಡೀ ಜೀನು ಒಂದು ಕಡೆ ಎಳೆಯುತ್ತದೆ, ಕುದುರೆಯ ಬೆನ್ನುಮೂಳೆಗೆ ಅದು ಹಿಂಸೆ. ಇಲ್ಲಿ ಪ್ರತಿ ಸಲವೂ ಬಿದ್ದ ಮರದ ಮೇಲಿಂದ, ಬಂಡೆ ಮೇಲಿಂದ, ಇಲ್ಲವೇ ದಾರಿಯ ಮೇಲ್ಬದಿಯಿಂದಲೇ ಹತ್ತಿಸುತ್ತಿದ್ದರು. ಗೈಡ್ ಆ ಕಡೆಯ ರಿಕಾಬು ಹಿಡಿದು ಕೆಳಕ್ಕೆ ಜಗ್ಗುತ್ತಿದ್ದ. ಗಂಟೆಗೊಮ್ಮೆ ಎಲ್ಲರೂ ಇಳಿದು ಹತ್ತು ನಿಮಿಷ ನಡೆಯಬೇಕು, ಕಡಿದಾದ ಇಳಿಜಾರು ಬಂದರೆ ಕಡ್ಡಾಯ. ತೆಳ್ಳಗಿನವರಿಗೂ ಅದೇ ನಿಯಮ. ಮಂಡಿ ನೋವಿಗೂ ಅದೇ ಔಷಧಿ ಆಯಿತು.

ಇಲ್ಲಿನ ಕೆಲವು ಒಳಕಾಡಿನ ಪ್ರದೇಶಗಳಲ್ಲಿ ರೈಫಲ್ ಬೇಟೆ ಸೆಪ್ಟೆಂಬರ್ 15ಕ್ಕೇ ಶುರು, ಮೊಂಟಾನದ ಉಳಿದ ಹೆಚ್ಚಿನ ಕಡೆ ಅಕ್ಟೋಬರ್ ಕೊನೆಯವರೆಗೆ ಕಾಯಬೇಕು. ಗಂಡು ಎಲ್ಕ್‌ಗಳು ಕೂಗುವ ಕಾಲ ಅದು. ಬೆಳಗಿನ ಜಾವ ಡೇರೆಯಲ್ಲಿ ಮಲಗಿದ್ದಾಗ ಆಚೆ ಗುಡ್ಡದಿಂದ ಕೊಳಲಿನಂಥ ಸದ್ದು ಬಂತು, ಕೊನೆಗೆ ಗೊಗ್ಗರು ದನಿ. ಕಡವೆ ಕೂಗು ಕೇಳಿ ಬೆಳೆದವನಿಗೂ ಅದು ಹೊಸದು. ಎದೆ ಹೊಡೆದುಕೊಂಡಿತು.

ನನಗೆ ಎಲ್ಕ್ ಸಿಗಲಿಲ್ಲ. ಒಂದು ಸಲ ಹತ್ತಿರ ಬಂತು, ಆದರೆ ಮರಗಳ ಮಧ್ಯೆ ಸರಿಯಾಗಿ ಕಾಣಲಿಲ್ಲ, ಹೊಡೆಯಲಿಲ್ಲ. ನನ್ನ ಡೇರೆಯಲ್ಲೇ ಇದ್ದ ಮಿನೆಸೋಟದವರಿಗೆ ನಾಲ್ಕನೇ ದಿನ ಸಿಕ್ಕಿತು. ಮಾಂಸ ಕೊಯ್ದು ಚೀಲಕ್ಕೆ ಹಾಕಿ, ಹೇಸರಗತ್ತೆಯ ಎರಡು ಕಡೆ ಸಮ ತೂಗುವಂತೆ ಕಟ್ಟಿದರು, ಒಂದರ ಮೇಲೆ ಸುಮಾರು 150 ಪೌಂಡ್. ಅಲ್ಲೂ ತಕ್ಕಡಿ ಹಿಡಿದು ತೂಗಿಯೇ ಕಟ್ಟಿದ್ದು. ಅಲುಗದ ಹೊರೆ ಸವಾರನಿಗಿಂತ ಕಷ್ಟ, ಸವಾರನಾದರೆ ದಾರಿ ನೋಡಿ ಮೈ ಸರಿಸಿಕೊಳ್ಳುತ್ತಾನೆ ಅಂತ ಗೈಡ್ ಹೇಳಿದ. ಗ್ರಿಜ್ಲಿ ಕರಡಿಗಳ ಜಾಗವಾದ್ದರಿಂದ ಮಾಂಸವನ್ನು ಡೇರೆಯಿಂದ ದೂರ ಎತ್ತರಕ್ಕೆ ಕಟ್ಟಿ ತೂಗುಹಾಕಿದರು.

ಕೊರತೆಗಳೂ ಇದ್ದವು. ಮಡಚುವ ಮಂಚ ನನಗೆ ಚಿಕ್ಕದು, ಎರಡನೇ ರಾತ್ರಿ ಒಂದು ಕಾಲು ಬಾಗಿತು. ಕುದುರೆಗೆ ಅಷ್ಟು ಯೋಚನೆ ಮಾಡಿದವರು ಮಂಚಕ್ಕೆ ಯಾಕೆ ಮಾಡಲಿಲ್ಲವೋ. ನೀವು ಹೋಗುವುದಾದರೆ ಮಂಚ ಎಷ್ಟು ಪೌಂಡ್ ತಡೆಯುತ್ತದೆ ಅಂತ ಕೇಳಿ. ಇನ್ನೊಂದು, ಗೈಡ್ ಹುಡುಗ ಮೊದಲ ದಿನ ತುಂಬಾ ಜೋರಾಗಿ ನಡೆದ. ಕುದುರೆ ನಿಮ್ಮನ್ನು ಕಣಿವೆಯ ತನಕ ಒಯ್ಯುತ್ತದೆ, ಆಮೇಲೆ ಅದನ್ನು ಕಟ್ಟಿಹಾಕಿ ಸಾವಿರ ಅಡಿ ಕಾಲಲ್ಲೇ ಹತ್ತಬೇಕು. ನಾನು ಆರು ತಿಂಗಳು ಬೆನ್ನಿಗೆ ಚೀಲ ಹಾಕಿ ಗುಡ್ಡ ಹತ್ತಿ ಅಭ್ಯಾಸ ಮಾಡಿದ್ದೆ, ಆದರೂ ಏದುಸಿರು ಬಂತು. ಸಂಜೆ ಹೇಳಿದ ಮೇಲೆ ಮರುದಿನದಿಂದ ನಿಧಾನ ಮಾಡಿದ, ಬೇಜಾರು ಮಾಡಿಕೊಳ್ಳಲಿಲ್ಲ.

ಏಳು ದಿನಕ್ಕೆ ನಾನು ಕೊಟ್ಟದ್ದು 7,500 ಡಾಲರ್, ಅರ್ಧ ಮುಂಗಡ. ದೊಡ್ಡ ಕುದುರೆಗೆ ಅಂತ ಬೇರೆ ದುಡ್ಡು ಕೇಳಲಿಲ್ಲ. ಲೈಸೆನ್ಸ್ ಖರ್ಚು ಸಾವಿರ ಡಾಲರ್‌ಗೂ ಮೇಲೆ, ಗೈಡ್‌ಗೆ, ಅಡುಗೆಯವರಿಗೆ ಟಿಪ್ಸ್ ಬೇರೆ. ದುಬಾರಿಯೇ. ಮೂರು ವರ್ಷ ಉಳಿಸಿದ ದುಡ್ಡು ಅದು. ಕೊಟ್ಟಿದ್ದಕ್ಕೆ ಬೇಸರವಿಲ್ಲ.

ಕೊನೆಯ ದಿನ ಕೊಟ್ಟಿಗೆಯಲ್ಲಿ ಜೀನು ಇಳಿಸಿದಾಗ ಔಟ್‌ಫಿಟರ್ ನನ್ನನ್ನು ಕರೆದು ಕುದುರೆಯ ಬೆನ್ನು ತೋರಿಸಿದರು. ಬೆವರು ಎರಡು ಕಡೆಯೂ ಒಂದೇ ಸಮ ಇತ್ತು. ನಡುವೆ ಎಲ್ಲಾದರೂ ಒಣ ಕಲೆ ಕಂಡರೆ ಅಲ್ಲಿ ಜೀನು ಒತ್ತಿದೆ ಅಂತ ಅರ್ಥ. ಬೆನ್ನುಮೂಳೆಯ ಪಕ್ಕದಲ್ಲಿ ಬೆರಳು ಒತ್ತುತ್ತಾ ಹೋದರು, ಅದು ಕಿವಿ ಕೂಡ ಅಲುಗಿಸದೆ ಹುಲ್ಲು ತಿನ್ನುತ್ತಿತ್ತು. ನನ್ನ ಕೈಯಲ್ಲೂ ಒತ್ತಿಸಿದರು. ಹಳೆಯ ಆ ಕುದುರೆ ನೆನಪಾಗಿ ಕಣ್ಣು ತುಂಬಿ ಬಂತು.

ಹೋಗಬೇಕು ಅಂದುಕೊಂಡವರು ಔಟ್‌ಫಿಟರ್‌ಗೆ ಇದನ್ನೆಲ್ಲ ಕೇಳಿ: ನನಗೆ ಯಾವ ಕುದುರೆ, ಅದರ ತೂಕ ಎಷ್ಟು, ಅದಕ್ಕೆ ಏನಾದರೂ ಆದರೆ ಬದಲಿ ಯಾವುದು, ಜೀನು ಅದರದೇನಾ. ಜೀನು ಹಾಕಿದ ಫೋಟೋ ಕಳಿಸಲು ಹೇಳಿ. ಮೊಂಟಾನದಲ್ಲಿ ಔಟ್‌ಫಿಟರ್‌ಗಳಿಗೆ ರಾಜ್ಯದ ಬೋರ್ಡ್ ಲೈಸೆನ್ಸ್ ಕೊಡುತ್ತದೆ, ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ. ನಿಮ್ಮ ತೂಕ ಹೇಳುವಾಗ ಒಂದು ಪೌಂಡ್ ಕೂಡ ಕಡಿಮೆ ಹೇಳಬೇಡಿ, ಅದನ್ನು ಹೊರುವುದು ಕುದುರೆ. ಎಚ್‌-1ಬಿ ಥರದ ವೀಸಾದಲ್ಲಿರುವವರು ಇನ್ನೊಂದು ನೆನಪಿಡಿ: ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ಬಂದೂಕು, ಗುಂಡು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿಗೆ ವಿರುದ್ಧ. ಮೊದಲು ಲೈಸೆನ್ಸ್, ಆಮೇಲೆ ರೈಫಲ್. ಮೊಂಟಾನದ ಎಲ್ಕ್ ಲೈಸೆನ್ಸ್‌ಗೆ ಹೊರರಾಜ್ಯದವರು ಏಪ್ರಿಲ್ 1ರೊಳಗೆ ಅರ್ಜಿ ಹಾಕಬೇಕು. ಹಾಗಾಗಿ ಔಟ್‌ಫಿಟರ್‌ಗಳಿಗೆ ಜನವರಿಯಲ್ಲೇ ಫೋನ್ ಶುರು ಮಾಡಿ. ನಾನು ಮುಂದಿನ ಸೆಪ್ಟೆಂಬರ್‌ಗೆ ಆಗಲೇ ಮುಂಗಡ ಕಳಿಸಿದ್ದೇನೆ, ಅದೇ ಬೂದು ಕುದುರೆಗೆ. ಮಂಚ ಮಾತ್ರ ನಾನೇ ಒಯ್ಯುತ್ತೇನೆ.