ಎಲೆ ಹಳದಿಯಾಯಿತೆಂದು ಯೂರಿಯಾ ಸುರಿಯಬೇಡಿ, ನಾನು ಸುರಿದು ಮೋಸಂಬಿ ಗಿಡ ಕಳೆದುಕೊಂಡೆ

ಹಿತ್ತಲಿನ ಗಿಡದ ಎಲೆ ಹಳದಿಯಾದರೆ ತಕ್ಷಣ ಗೊಬ್ಬರದ ಅಂಗಡಿಗೆ ಓಡಬೇಡಿ. ನಾನು ಓಡಿದೆ. ಮೂರು ತಿಂಗಳಲ್ಲಿ ಒಂದು ಮೋಸಂಬಿ ಸಸಿ ಸತ್ತಿತು, ಏಳು ವರ್ಷದ ನಿಂಬೆ ಗಿಡ ಅರ್ಧ ಬೋಳಾಯಿತು.

ನಮ್ಮ ಮನೆ ತುಮಕೂರಿನಲ್ಲಿ. ಆ ನಿಂಬೆ ಗಿಡ ಅಕ್ಕಪಕ್ಕದವರ ಉಪ್ಪಿನಕಾಯಿಗೂ ಸಾಕಾಗುವಷ್ಟು ಕಾಯಿ ಬಿಡುತ್ತಿತ್ತು. ಪಕ್ಕದಲ್ಲೇ ಎರಡು ವರ್ಷದ ಮೋಸಂಬಿ. ಈ ಸಲ ಯುಗಾದಿ ಹೊತ್ತಿಗೆ ನಿಂಬೆಗೆ ಚಿಗುರು ಬಂತು. ಬಂದದ್ದೆಲ್ಲ ಹಳದಿ. ನರಗಳು ಮಾತ್ರ ಹಸಿರು, ಪೆನ್ನಿನಲ್ಲಿ ಬಲೆ ಬಿಡಿಸಿದ ಹಾಗೆ. ಕೆಳಗಿನ ಹಳೇ ಎಲೆಗಳು ಮಾತ್ರ ಕಡು ಹಸಿರಾಗೇ ಇದ್ದವು. ಗುಟ್ಟು ಅಲ್ಲೇ ಇತ್ತು, ನನಗೆ ಹೊಳೆಯಲಿಲ್ಲ.

ಎರಡು ಎಲೆ ಕಿತ್ತುಕೊಂಡು ಅಂಗಡಿಗೆ ಹೋದೆ. ಅವರು ಎಲೆಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಹಳದಿ ಅಂದ್ರೆ ಸಾರಜನಕ ಕಡಿಮೆ ಮೇಡಂ, ಯೂರಿಯಾ ಹಾಕಿ" ಎಂದರು. ಎಷ್ಟು ಎಂದು ಕೇಳಿದೆ. "ಎರಡು ಹಿಡಿ."

ಬೇಸಿಗೆ ಬಿಸಿಲಲ್ಲಿ, ಕಾಂಡಕ್ಕೆ ಒತ್ತಿಕೊಂಡು, ಎರಡೂ ಗಿಡಕ್ಕೆ ಎರಡೆರಡು ಹಿಡಿ ಹಾಕಿದೆ. ಮೋಸಂಬಿಗೆ ಏನೂ ಆಗಿರಲಿಲ್ಲ, ಅದಕ್ಕೂ ಸ್ವಲ್ಪ ಇರಲಿ ಅಂತ! ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಎಳೇ ಸಸಿಯ ಬೇರಿಗೆ ಅದು ಗೊಬ್ಬರವಲ್ಲ, ಉಪ್ಪಿನ ಹಾಗೆ ಸುಡುವಂಥದ್ದು. ವಾರದೊಳಗೆ ಮೋಸಂಬಿ ಎಲೆಗಳ ತುದಿ ಕಂದು ಬಣ್ಣಕ್ಕೆ ತಿರುಗಿತು. ಗಾಬರಿಯಲ್ಲಿ ದಿನಾ ಪಾತಿ ತುಂಬ ನೀರು ಬಿಟ್ಟೆ. ಒಂದೆರಡು ಸಲ ಚೆನ್ನಾಗಿ ನೀರು ಕೊಟ್ಟು ಬಿಟ್ಟಿದ್ದರೆ ಬದುಕುತ್ತಿತ್ತೇನೋ. ನಾನು ಮಣ್ಣು ಆರಲು ಬಿಡಲೇ ಇಲ್ಲ. ಕೊನೆಗೆ ಸಸಿಯನ್ನು ಕಿತ್ತಾಗ ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬಂತು, ಒಳಗೆ ಬಿಳೀ ದಾರದಂಥ ನಾರು ಮಾತ್ರ ಉಳಿಯಿತು. ಅದು ಬೇರು ಕೊಳೆಯುವ ಲಕ್ಷಣ.

ನಿಂಬೆಯ ಕಥೆ ಮುಂದುವರಿಯಿತು. ಅತ್ತೆ ಒಲೆ ಬೂದಿ ಹಾಕಲು ಹೇಳಿದರು, ಹಾಕಿದೆ. ಮೊಬೈಲಿನ ವಿಡಿಯೋದಲ್ಲಿ ಮೊಟ್ಟೆ ಸಿಪ್ಪೆ ಎಂದರು, ಅದನ್ನೂ ಪುಡಿ ಮಾಡಿ ಹಾಕಿದೆ. ಇನ್ನೊಂದು ವಿಡಿಯೋ ನೋಡಿ ಎಪ್ಸಮ್ ಸಾಲ್ಟ್ (ಮೆಗ್ನೀಶಿಯಂ ಇರುವ ಲವಣ) ಸಿಂಪಡಿಸಿದೆ. ಚಿಗುರು ಇನ್ನಷ್ಟು ಬಿಳಿಚಿತು. ಎದುರು ಮನೆಯವರು ನೋಡಿ, "ಇದು ಗ್ರೀನಿಂಗ್ ರೋಗ, ಕೊಡಗಿನ ಕಿತ್ತಳೆಗೆ ಬಂದಿತ್ತಲ್ಲ ಅದೇ. ಔಷಧಿ ಇಲ್ಲ, ಕಡಿದುಬಿಡಿ" ಎಂದರು. ಕಡಿಯುವವನಿಗೆ ಫೋನ್ ಕೂಡ ಮಾಡಿದ್ದೆ. ಅವನು ಆ ವಾರ ಬರಲಿಲ್ಲ, ನಮ್ಮ ಪುಣ್ಯ.

ಅಷ್ಟರಲ್ಲಿ ದೊಡ್ಡಮ್ಮನ ಮಗ ಯಾವುದೋ ಮದುವೆಗೆಂದು ಬಂದ. ಹಾಸನದ ಕಡೆ ತೋಟ ಮಾಡುವವನು. ಎಲೆ ಕೈಗೆ ತೆಗೆದುಕೊಂಡು ನಡುನರದ ಮೇಲೆ ಮಡಚಿ, ಎರಡೂ ಭಾಗ ಹೋಲಿಸಿ ನೋಡಿದ. "ಅಕ್ಕ, ಗ್ರೀನಿಂಗ್ ಆದ್ರೆ ಎರಡು ಕಡೆ ಒಂದೇ ಥರ ಇರಲ್ಲ, ನರ ದಾಟಿಕೊಂಡು ಹೇಗ್ಹೇಗೋ ಮಚ್ಚೆ ಇರುತ್ತೆ, ಕಾಯೀನೂ ಸೊಟ್ಟಗಿರುತ್ತೆ. ಇದು ಎರಡು ಕಡೆ ಸಮ ಇದೆ. ಕಬ್ಬಿಣ ಸಿಕ್ತಾ ಇಲ್ಲ" ಎಂದ.

ನನಗೆ ನಗು ಬಂತು. ನಮ್ಮದು ಕೆಂಪು ಮಣ್ಣು. ಆ ಕೆಂಪೇ ಕಬ್ಬಿಣದ್ದಲ್ವಾ?

ಅವನು ಮಾತಾಡದೆ ನೆಲ ನೋಡಿದ. ಆಮೇಲೆ ಕೇಳಿದ, "ಇಲ್ಲಿ ಗಾರೆ ಕಲಸಿದ್ರಾ?"

ಹಿಂದಿನ ವರ್ಷ ಕಾಂಪೌಂಡ್ ಕಟ್ಟಿಸಿದ್ದೆವು. ಮೇಸ್ತ್ರಿ ಮತ್ತು ಆಳುಗಳು ಸಿಮೆಂಟ್ ಬಾಂಡ್ಲಿ ತೊಳೆಯುತ್ತಿದ್ದದ್ದು ಅದೇ ನಿಂಬೆ ಗಿಡದ ಬುಡದಲ್ಲಿ. ನೆರಳಿತ್ತು, ಪಕ್ಕದಲ್ಲೇ ನಲ್ಲಿ. ಒಂದು ಗೇಣು ಅಗೆದರೆ ಗಟ್ಟಿಯಾದ ಸಿಮೆಂಟ್ ಪದರ, ಇಟ್ಟಿಗೆ ಚೂರು. ಎಲ್ಲ ಮುಚ್ಚಿ ಮೇಲೆ ಮಣ್ಣು ಎಳೆದು ಹೋಗಿದ್ದರು. ಒಣ ಮಣ್ಣಿನ ಮೇಲೆ ಒಂದು ಚಮಚ ವಿನೆಗರ್ ಹಾಕಿದಾಗ ಸೋಡಾದಂತೆ ಬುರುಗು ಎದ್ದಿತು. ಸಿಮೆಂಟಿನಿಂದ ಮಣ್ಣಿನಲ್ಲಿ ಸುಣ್ಣ ಜಾಸ್ತಿಯಾಗಿದೆ ಎಂದು ತಿಳಿಯಲು ಅದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಮಣ್ಣು ಪರೀಕ್ಷೆಗೂ ಕೊಟ್ಟೆವು. ರಸಸಾರ (pH, ಮಣ್ಣು ಹುಳಿಯೋ ಕ್ಷಾರವೋ ಎಂಬ ಅಳತೆ; 7ಕ್ಕಿಂತ ಮೇಲೆ ಕ್ಷಾರ) 8.3 ಬಂತು. ನಿಂಬೆ ಜಾತಿಗೆ 6ರಿಂದ 7ರ ಆಸುಪಾಸು ಹಿತ. ಮಣ್ಣಿನಲ್ಲಿ ಕಬ್ಬಿಣ ಇದೆ, ಆದರೆ ಸುಣ್ಣದ ಮಣ್ಣಿನಲ್ಲಿ ಅದು ನೀರಿಗೆ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಅದರ ಮೇಲೆ ನಾನು ಬೂದಿ, ಮೊಟ್ಟೆ ಸಿಪ್ಪೆ, ಬೋರ್‌ವೆಲ್ಲಿನ ಗಡಸು ನೀರು ಸುರಿದಿದ್ದೆ. ಎಲ್ಲವೂ ಅದೇ ದಿಕ್ಕಿಗೆ ತಳ್ಳುವಂಥವು. ಅತ್ತೆಯ ಮೇಲೆ ತಪ್ಪು ಹೊರಿಸುತ್ತಿಲ್ಲ, ಹುಳಿ ಮಣ್ಣಿಗೆ ಬೂದಿ ಒಳ್ಳೆಯದೇ.

ಅವನು ಹೇಳಿಕೊಟ್ಟದ್ದು ಇಷ್ಟು. ಮೊದಲು ಯಾವ ಎಲೆ ಹಳದಿ ಎಂದು ನೋಡಬೇಕು. ಸಾರಜನಕ, ಮೆಗ್ನೀಶಿಯಂ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಅದಕ್ಕೇ ಹಳೇ ಎಲೆ ಮೊದಲು ಬಣ್ಣಗೆಡುತ್ತದೆ. ಸಾರಜನಕಕ್ಕೆ ಇಡೀ ಎಲೆ ಹಳದಿ. ಮೆಗ್ನೀಶಿಯಂ ಆದರೆ ತೊಟ್ಟಿನ ಹತ್ತಿರ ಹಸಿರು ತ್ರಿಕೋನ ಉಳಿಯುತ್ತದೆ. ಕಬ್ಬಿಣ, ಸತುವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ, ಚಿಗುರೇ ಬಿಳಿಚಿಕೊಳ್ಳುತ್ತದೆ. ಸತು ಕಡಿಮೆಯಾದರೆ ಎಲೆ ಚಿಕ್ಕದೂ ಸಪೂರವೂ ಆಗುತ್ತದೆ. ನನ್ನ ಗಿಡದ ಹಳೇ ಎಲೆ ಹಸಿರಾಗಿತ್ತು, ಅಂದರೆ ಯೂರಿಯಾ ಬೇಕಾಗೇ ಇರಲಿಲ್ಲ. ಇನ್ನು ಕಾಂಡದ ಬುಡದಲ್ಲಿ ಅಂಟು ಸುರಿಯುತ್ತಿದ್ದರೆ, ಪಾತಿಯಲ್ಲಿ ನೀರು ನಿಲ್ಲುತ್ತಿದ್ದರೆ ಎಲೆಯ ವಿಚಾರ ಬಿಟ್ಟು ಬೇರು ನೋಡಬೇಕು.

ಕೈಗೆ ಸಿಕ್ಕ ಸಿಮೆಂಟ್ ಚೂರೆಲ್ಲ ತೆಗೆಸಿ, ಬೇರಿಗೆ ಪೆಟ್ಟಾಗದಂತೆ ಹೊಸ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿಸಿದೆ. ಕಬ್ಬಿಣ ಕೊಡಲು ಹೋಗಿ ಇನ್ನೊಮ್ಮೆ ಮೋಸಹೋದೆ. ಅಂಗಡಿಯಲ್ಲಿ ಕೊಟ್ಟ ಚಿಲೇಟೆಡ್ ಪುಡಿ, ಅಂದರೆ ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುವ ಪುಡಿ, ಇಡಿಟಿಎ ಎಂಬ ಬಗೆಯದು. ಸುಣ್ಣ ಜಾಸ್ತಿ ಇರುವ ಮಣ್ಣಿಗೆ ಹಾಕಿದರೆ ಅದು ನಿಲ್ಲುವುದಿಲ್ಲ, ಬುಡಕ್ಕೆ ಹಾಕಿದ ದುಡ್ಡು ದಂಡ. ಅಂಥ ಮಣ್ಣಿಗೆ ಇಡಿಡಿಎಚ್ಎ ಬಗೆ ಬೇಕು. ಬೆಲೆ ಜಾಸ್ತಿ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿ ತನ್ನಿ. ರಸಸಾರ ಇಳಿಸಲು ಅಲ್ಲಲ್ಲಿ ಸ್ವಲ್ಪ ಗಂಧಕವನ್ನೂ ಬೆರೆಸಿದ್ದೇವೆ, ಅದು ನಿಧಾನಕ್ಕೆ ಕೆಲಸ ಮಾಡುವಂಥದ್ದು. ನೀರಿಗೆ ಈಗ ತಾರಸಿಯ ಮಳೆನೀರು.

ಹಳದಿಯಾದ ಎಲೆಗಳು ಪೂರ್ತಿ ಹಸಿರಾಗಲಿಲ್ಲ, ದಿನಾ ನೋಡಿ ಬೇಜಾರಾಗುತ್ತಿತ್ತು. ಮಳೆಗಾಲದ ಹೊಸ ಚಿಗುರು ಹಸಿರಾಗಿ ಬಂದಿದೆ. ಕಾಯಿ ಈ ವರ್ಷ ಹನ್ನೊಂದು. ಉಪ್ಪಿನಕಾಯಿಗೆ ನಾವೇ ಕೊಂಡು ತಂದೆವು.

ಮುಂದಿನ ತಿಂಗಳು ತಾರಸಿ ಕೆಲಸಕ್ಕೆ ಅದೇ ಮೇಸ್ತ್ರಿ ಬರುತ್ತಾರೆ. ಬಾಂಡ್ಲಿ ತೊಳೆಯಲು ಒಂದು ಹಳೇ ಡ್ರಮ್ಮನ್ನು ಗೇಟಿನ ಹತ್ತಿರ ಈಗಲೇ ಇಟ್ಟಿದ್ದೇನೆ.