ಝೀ ಝೀ ಟಾಪ್: ಯಾವ ಆಲ್ಬಮ್‌ನಿಂದ ಶುರು ಮಾಡಬೇಕು?

ಟೆಕ್ಸಾಸಿನ ಈ ಮೂವರ ಬ್ಯಾಂಡನ್ನು ಹೊಸದಾಗಿ ಕೇಳುವವರು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ‘ಟ್ರೆಸ್ ಓಂಬ್ರೆಸ್’ (1973), ‘ಫಂಡಾಂಗೊ!’ (1975), ‘ಎಲಿಮಿನೇಟರ್’ (1983).

ಅಪ್ಪಟ ಬ್ಲೂಸ್ (ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ) ಬೇಕಿದ್ದರೆ ಮೊದಲನೆಯದು. ಮೊದಲೆರಡು ಹಾಡುಗಳ ನಡುವೆ ಬಿಡುವೇ ಇಲ್ಲ, ಬಿರುಸಿನದು ಮುಗಿದ ಕ್ಷಣವೇ ನಿಧಾನದ ಬ್ಲೂಸ್ ಶುರು. ಹಾಡುಗಳ ಕ್ರಮ ಕಲಸುವ ಶಫಲ್ ಹಾಕಿ ಕೇಳಿದರೆ ಆ ಸೊಗಸು ಕೈತಪ್ಪುತ್ತದೆ. ಗಿಟಾರ್ ಕಲಿಯುವವರಿಗೂ ಇದೇ ಒಳ್ಳೆಯದು. ಇದರಲ್ಲಿನ ‘ಲಾ ಗ್ರೇಂಜ್’ ಹಾಡಿನ ರಿಫ್ (ಮರುಕಳಿಸುವ ಗಿಟಾರ್ ತುಣುಕು) ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಶೈಲಿಯ ಬೂಗಿ, ಅಂದರೆ ಕುಣಿಸುವ ಲಯದ ಬ್ಲೂಸ್; ಎ, ಸಿ, ಡಿ ಕಾರ್ಡ್‌ಗಳು ಸಾಕು. ಬೆರಳಿಗೆ ಬೇಗ ಸಿಗುತ್ತದೆ, ಆದರೆ ಬ್ಯಾಂಡಿನ ಗಿಟಾರ್ ವಾದಕ ಬಿಲ್ಲಿ ಗಿಬ್ಬನ್ಸ್ ಪಿಕ್ (ತಂತಿ ಮೀಟುವ ಬಿಲ್ಲೆ) ಜೊತೆ ಹೆಬ್ಬೆರಳು ತಾಗಿಸಿ ಹೊರಡಿಸುವ ಕೀರಲು ಸ್ವರಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಹಳೆಯ ಸಿಡಿ ಕೊಳ್ಳುವಾಗ ಎಚ್ಚರ. 1987ರಲ್ಲಿ ಇವರ ಹಳೆಯ ಆಲ್ಬಮ್‌ಗಳನ್ನು ಮರುಮಿಕ್ಸ್ ಮಾಡಿ (ವಾದ್ಯಗಳ ಧ್ವನಿಯನ್ನು ಹೊಸದಾಗಿ ಬೆರೆಸಿ), ಡ್ರಮ್ಸ್‌ಗೆ ಎಂಬತ್ತರ ದಶಕದ ದಪ್ಪ ರಿವರ್ಬ್ (ಅನುರಣನ) ಸೇರಿಸಿದರು. ಒಣ, ಬಿಗಿಯಾದ ಮೂಲ ನಾದ ಅಲ್ಲಿ ಉಳಿದಿಲ್ಲ. ‘ಟ್ರೆಸ್ ಓಂಬ್ರೆಸ್’, ‘ಫಂಡಾಂಗೊ!’ ಎರಡರ ಮೂಲ ಮಿಕ್ಸ್ 2006ರ ಸಿಡಿಗಳಲ್ಲಿದೆ; ಎಪ್ಪತ್ತರ ದಶಕದ ಎಲ್‌ಪಿ ಸಿಕ್ಕರೂ ಸರಿ.

ವೇದಿಕೆಯ ಬಿಸಿ ಬೇಕಿದ್ದರೆ ‘ಫಂಡಾಂಗೊ!’: ಒಂದು ಬದಿ ಲೈವ್, ಇನ್ನೊಂದು ಸ್ಟುಡಿಯೊ.

ಕಾರಿನಲ್ಲಿ ದೂರ ಹೋಗುವವರಿಗೆ, ಕುಣಿಯುವವರಿಗೆ ‘ಎಲಿಮಿನೇಟರ್’. ಸಿಂಥ್ (ವಿದ್ಯುನ್ಮಾನ ಕೀಬೋರ್ಡ್), ಡ್ರಮ್ ಮಷೀನ್, ಕದಲದ ಲಯ. ಬ್ಲೂಸ್ ಕಿವಿಗೆ ಇದು ಯಾಂತ್ರಿಕವೆನಿಸಬಹುದು; ಅಂಥವರು ಇದರಲ್ಲಿ ‘ಐ ನೀಡ್ ಯೂ ಟುನೈಟ್’ ಮೊದಲು ಕೇಳಲಿ, ಆರು ನಿಮಿಷಕ್ಕೂ ಹೆಚ್ಚಿನ ನಿಧಾನ ಬ್ಲೂಸ್ ಅದು.