ಸೆಪ್ಟೆಂಬರ್ ಬಿಲ್ಲುಬೇಟೆಗೆ ಕ್ಲೈಂಬರ್, ಹ್ಯಾಂಗ್-ಆನ್, ಸ್ಯಾಡಲ್: ನನ್ನ ಓಟು ಸ್ಯಾಡಲ್‌ಗೆ

ಕ್ಲೈಂಬರ್, ಹ್ಯಾಂಗ್-ಆನ್, ಸ್ಯಾಡಲ್, ಮೂರೂ ಮರದ ಮೇಲೆ ಕೂತು ಬೇಟೆಗೆ ಕಾಯುವ ಸಾಧನಗಳು. ಮೊದಲೇ ಹೇಳಿಬಿಡುತ್ತೇನೆ, ನಾನು ಸ್ಯಾಡಲ್ ಪಾರ್ಟಿ. ಕ್ಲೈಂಬರ್ ಮಾರಿ ಆಯ್ತು. ಹ್ಯಾಂಗ್-ಆನ್ ಗ್ಯಾರೇಜಿನ ಮೊಳೆಗೆ ನೇತುಬಿದ್ದಿದೆ. ಮೂರನ್ನೂ ಒಂದೇ ಕಾಡಿನಲ್ಲಿ, ವರ್ಷದ ಒಂದೇ ಹೊತ್ತಿನಲ್ಲಿ ಬಳಸಿ ನೋಡಿದ್ದೇನೆ. ಕಾಡು ಅಂದ್ರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೋವರ್ ವಿಸ್ಕಾನ್ಸಿನ್ ಸ್ಟೇಟ್ ರಿವರ್‌ವೇ. ಪ್ರೇರಿ ಡು ಸ್ಯಾಕ್ ಊರಿನ ಅಣೆಕಟ್ಟಿನಿಂದ ಮಿಸಿಸಿಪ್ಪಿ ಸೇರುವವರೆಗೆ, ಸುಮಾರು 92 ಮೈಲಿ ನದಿಯ ಎರಡೂ ಬದಿಯ ತಗ್ಗು ಮತ್ತು ಗುಡ್ಡ. ಮ್ಯಾಡಿಸನ್‌ನಿಂದ ಆಫೀಸು ಸ್ವಲ್ಪ ಬೇಗ ಬಿಟ್ಟರೆ ಸಂಜೆಗೆ ಹೋಗಿ ಬರಬಹುದು. ಬೇಟೆ ವೈಟ್‌ಟೇಲ್ ಜಿಂಕೆಯದು, ಕೈಯಲ್ಲಿ ಕಾಂಪೌಂಡ್ ಬಿಲ್ಲು, ಅಂದ್ರೆ ತುದಿಗಳಲ್ಲಿ ಗಾಲಿ ಇರುವ ಬಿಲ್ಲು. ಕಾಲ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ.

ನಮ್ಮ ದೇಶದಲ್ಲಿ ಇದೆಲ್ಲ 1972ರ ವನ್ಯಜೀವಿ ಕಾಯ್ದೆಯ ಜೊತೆಗೇ ಮುಗಿದ ಮಾತು. ಮಲೆನಾಡಿನಲ್ಲಿ ಹಿರಿಯರ ಬಾಯಿಂದ ಮರಸು ಕೂರುವ, ಅಂದ್ರೆ ಮರೆಯಲ್ಲಿ ಕೂತು ಬೇಟೆಗೆ ಕಾಯುವ ಕಥೆ ಕೇಳಿ ಬೆಳೆದ ನನಗೆ, ಇಲ್ಲಿ ಲೈಸೆನ್ಸ್ ಪಡೆದು ರಾಜಾರೋಷವಾಗಿ ಮರಸು ಕೂರಬಹುದು ಅನ್ನೋದೇ ಮೊದಮೊದಲು ವಿಚಿತ್ರ ಅನ್ನಿಸಿತ್ತು. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಅಷ್ಟು ಆದರೆ ಸಾಕು, ಸರ್ಕಾರಿ ಕಾಡು ಎಲ್ಲರಿಗೂ ತೆರೆದಿದೆ.

ಎಲ್ಲರಿಗೂ ತೆರೆದಿರುವುದೇ ತಾಪತ್ರಯ ಕೂಡ. ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜಾಗದಲ್ಲಿ, ರಾಜ್ಯವನ್ನು ಅಡ್ಡ ಹಾಯುವ ಹೈವೇ 64ರಿಂದ ದಕ್ಷಿಣಕ್ಕೆ (ನನ್ನ ಕಾಡು ಇರುವುದು ಅಲ್ಲೇ), ಮರಕ್ಕೆ ಕಟ್ಟಿದ ಸ್ಟ್ಯಾಂಡನ್ನು ಆಯಾ ದಿನವೇ ಬಿಚ್ಚಿ ಮನೆಗೆ ತರಬೇಕು. ರಾತ್ರಿ ಬಿಟ್ಟು ಬರುವ ಹಾಗಿಲ್ಲ. ಮರಕ್ಕೆ ಮೊಳೆ, ಸ್ಕ್ರೂ ಹೊಡೆಯುವ ಹಾಗಿಲ್ಲ. ಕೊಂಬೆ ಕಡಿದು ಬಾಣಕ್ಕೆ ದಾರಿ ಮಾಡಿಕೊಳ್ಳುವ ಹಾಗೂ ಇಲ್ಲ. ಅಂದ್ರೆ ಪ್ರತಿ ಸಂಜೆಯೂ ಎಲ್ಲವನ್ನೂ ಹೊತ್ತು ಹೋಗಬೇಕು, ಸದ್ದಿಲ್ಲದೆ ಕಟ್ಟಬೇಕು, ಕತ್ತಲಲ್ಲಿ ಬಿಚ್ಚಿ ಹೊತ್ತು ಬರಬೇಕು. ನಾನು ಮುಂದೆ ಹೇಳುವುದೆಲ್ಲ ಈ ಒಂದು ನಿಯಮದ ಸುತ್ತಲೇ ಸುತ್ತುತ್ತದೆ. ಸ್ವಂತ ತೋಟ ಇರುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ.

ಇನ್ನು ಸೆಪ್ಟೆಂಬರಿನ ಜಿಂಕೆ. ಸಂಗಾತಿ ಹುಡುಕುವ ನವೆಂಬರಿನ ಹುಚ್ಚು ಆಗ ಇರುವುದಿಲ್ಲ. ಹಗಲು ಮಲಗುವುದು, ಸಂಜೆ ಎದ್ದು ಮೇಯುವುದು, ಅಷ್ಟೇ. ಸೀಸನ್ ಶುರುವಾಗುವ ಹೊತ್ತಿಗೆ ವೈಟ್ ಓಕ್ ಕಾಯಿ ಉದುರಲು ಶುರು. ರೆಡ್ ಓಕ್ ಕಾಯಿಗಿಂತ ಇದರಲ್ಲಿ ಒಗರು ಕಡಿಮೆ, ಹಾಗಾಗಿ ಜಿಂಕೆಗೆ ಇದೇ ಮೊದಲ ಆಯ್ಕೆ. ಆದರೆ ಪಕ್ಕಪಕ್ಕದ ಎರಡು ಮರದಲ್ಲಿ ಒಂದು ರಾಶಿ ಉದುರಿಸುತ್ತದೆ, ಇನ್ನೊಂದು ಬರಿಗೈ. ಈ ವಾರದ ಮರ ಮುಂದಿನ ವಾರ ಖಾಲಿ. ಜನರ ವಾಸನೆ ಸಿಕ್ಕ ಕಡೆಯಿಂದಂತೂ ಜಿಂಕೆ ಜಾಗ ಬದಲಿಸಿಯೇ ಬಿಡುತ್ತದೆ. ಹಾಗಾಗಿ ಒಂದೇ ಮರ ನೆಚ್ಚಿಕೊಂಡು ಕೂರುವುದು ಪಬ್ಲಿಕ್ ಲ್ಯಾಂಡಿನಲ್ಲಿ ನಡೆಯಲ್ಲ. ಬಿಸಿ ಹಿಕ್ಕೆ ಎಲ್ಲಿದೆ, ಒಡೆದ ಓಕ್ ಸಿಪ್ಪೆ ಎಲ್ಲಿದೆ ಅಂತ ನೆಲ ನೋಡುತ್ತಾ ಹೋಗಿ, ಸಿಕ್ಕ ಕಡೆ ಆಗಲೇ ಹತ್ತಿ ಕೂರಬೇಕು.

ಇಲ್ಲಿಗೆ ಕ್ಲೈಂಬರ್ ಕಥೆ ಶುರು. ಎರಡು ತುಂಡಿನ ಸಾಮಾನು: ಮೇಲೆ ಸೀಟು, ಕೆಳಗೆ ಕಾಲಿಡುವ ತಟ್ಟೆ, ಎರಡರಿಂದಲೂ ಮರವನ್ನು ಬಳಸುವ ಕೇಬಲ್. ಸೀಟು ಮೇಲೆತ್ತು, ಅದಕ್ಕೆ ಭಾರ ಕೊಟ್ಟು ಕಾಲಲ್ಲಿ ತಟ್ಟೆ ಮೇಲೆಳೆ, ಮತ್ತೆ ಸೀಟು. ಅಂಗಡಿಯ ಎದುರಿನ ಕಂಬದ ಮೇಲೆ ಬಹಳ ಚೆನ್ನಾಗಿ ಹತ್ತುತ್ತದೆ. ಕಾಡಿನಲ್ಲಿ ಅದಕ್ಕೆ ಅಂಥದೇ ಕಂಬ ಬೇಕು ಅನ್ನುವುದೇ ರಗಳೆ.

ನೆಲದಿಂದ 20 ಅಡಿವರೆಗೆ ಒಂದು ಕೊಂಬೆಯೂ ಇರಬಾರದು. ತೀರಾ ದಪ್ಪ ಇದ್ದರೆ ಕೇಬಲ್ ಸುತ್ತು ಬರುವುದಿಲ್ಲ, ತೀರಾ ಸಣ್ಣ ಇದ್ದರೆ ಮರವೇ ತೂಗಾಡುತ್ತದೆ. ಈಗ ರಿವರ್‌ವೇಯ ಮರಗಳನ್ನು ನೋಡಿ. ನದಿ ಪಕ್ಕದ ತಗ್ಗಿನಲ್ಲಿ ಸಿಲ್ವರ್ ಮೇಪಲ್, ಬುಡದಲ್ಲೇ ಎರಡು ಮೂರು ಕವಲು. ಹಳೆಯ ಕಾಟನ್‌ವುಡ್, ಇಬ್ಬರು ಕೈ ಕೈ ಹಿಡಿದರೂ ತಬ್ಬಲಾಗದ ದಪ್ಪ. ಸ್ವಾಂಪ್ ವೈಟ್ ಓಕ್‌ನ ಕೆಳಗಿನ ಕೊಂಬೆಗಳು ಒಣಗಿ ಜೋತುಬಿದ್ದಿರುತ್ತವೆ. ಗುಡ್ಡದ ಅಂಚಿಗೆ ಹೋದರೆ ಬಯಲಲ್ಲಿ ಬೆಳೆದ ಹಳೇ ವೈಟ್ ಓಕ್‌ಗಳು, ತಲೆ ಎತ್ತರದಿಂದಲೇ ಅಗಲಕ್ಕೆ ಚಾಚಿಕೊಂಡಿವೆ. ಕೊಂಬೆಯಿಲ್ಲದ ನೆಟ್ಟನೆ ಮರ ಬೇಕು ಅಂದ್ರೆ ಆಸ್ಪೆನ್, ಬಾಸ್‌ವುಡ್ ಹುಡುಕಬೇಕು. ಸರಿ, ಆಸ್ಪೆನ್ ಸಿಕ್ಕಿತು. ಅಲ್ಲಿಗೆ ಜಿಂಕೆ ಯಾಕೆ ಬರಬೇಕು? ಕಾಯಿ ಉದುರುತ್ತಿರುವುದು 60 ಗಜ ಆಚೆ. ಸೆಪ್ಟೆಂಬರಿನಲ್ಲಿ ಎಲೆ ಇನ್ನೂ ದಟ್ಟ, 25 ಗಜದಾಚೆ ಬಾಣ ಬಿಡಲು ಜಾಗವೇ ಇರುವುದಿಲ್ಲ. ಆಸ್ಪೆನ್ ಮೇಲೆ ಕೂತು ಓಕ್ ಕೆಳಗೆ ಜಿಂಕೆ ಕಾಯಿ ಕಡಿಯುವ ಕಟಕಟ ಸದ್ದು ಕೇಳಿಸಿಕೊಂಡು ಬರುವುದೇ ಕೆಲಸ.

ಇದರ ಮೇಲೆ ಇನ್ನೊಂದು. ಮರ ಮೇಲೆ ಹೋದಂತೆ ಸಣ್ಣದಾಗುತ್ತದೆ, ಕೇಬಲ್ ಉದ್ದ ಅಷ್ಟೇ ಇರುತ್ತದೆ. ಬುಡದಲ್ಲಿ ಮಟ್ಟವಾಗಿ ಕಟ್ಟಿದ ತಟ್ಟೆ ಮೇಲೆ ಹೋಗುವಷ್ಟರಲ್ಲಿ ಹೊರತುದಿ ಕೆಳಗಾಗಿ ವಾಲಿಬಿಡುತ್ತದೆ. ಅದಕ್ಕೇ ಕೆಳಗೆ ಕಟ್ಟುವಾಗಲೇ ತುದಿ ಮೇಲೆದ್ದಿರುವ ಹಾಗೆ ಓರೆಯಾಗಿ ಕಟ್ಟಬೇಕು. ಎಷ್ಟು ಓರೆ? ಮರ ನೋಡಿ ಅಂದಾಜು ಮಾಡಬೇಕು. ಅಂದಾಜು ತಪ್ಪಿದರೆ ಮೂರು ಗಂಟೆ ಇಳಿಜಾರಿನಲ್ಲಿ ನಿಂತ ಹಾಗೆ ಬೂಟಿನ ತುದಿಗೆ ಕಾಲು ಒತ್ತಿಕೊಂಡಿರಬೇಕು, ಇಲ್ಲವೇ ಇಳಿದು ಕೇಬಲ್ ಬಿಗಿ ಮಾಡಿ ಮತ್ತೆ ಹತ್ತಬೇಕು. ಹತ್ತಿ ಇಳಿದಾಗೆಲ್ಲ ಕಬ್ಬಿಣದ ಹಲ್ಲು ತೊಗಟೆ ಕಚ್ಚುವ ಕರಕರ. ಬೆವರಂತೂ ಕೇಳಬೇಡಿ. ಸೆಪ್ಟೆಂಬರ್ ಸಂಜೆ 80 ಡಿಗ್ರಿ ಫ್ಯಾರನ್‌ಹೀಟ್ ಇಲ್ಲಿ ಅಪರೂಪವಲ್ಲ. ಬೆನ್ನ ಮೇಲೆ 20 ಪೌಂಡಿನ ಅಲ್ಯೂಮಿನಿಯಂ. ಬೆವರು ಅಂದ್ರೆ ವಾಸನೆ, ವಾಸನೆ ಅಂದ್ರೆ ಆ ಸಂಜೆ ಮುಗೀತು.

ಕ್ಲೈಂಬರ್ ಸೀಟು ಮಾತ್ರ ಮೂರರಲ್ಲಿ ಎಲ್ಲಕ್ಕಿಂತ ಆರಾಮ. ಅದನ್ನು ಒಪ್ಪಬೇಕು.

ಹ್ಯಾಂಗ್-ಆನ್ ಅಂದ್ರೆ ಪಟ್ಟಿಯಿಂದ ಮರಕ್ಕೆ ಬಿಗಿಯುವ, ಸೀಟಿರುವ ತಟ್ಟೆ. ಇದಕ್ಕೆ ಕೊಂಬೆಯ ಚಿಂತೆ ಇಲ್ಲ. ಕಡ್ಡಿಯಂಥ ಮೆಟ್ಟಿಲು ತುಂಡುಗಳನ್ನು, ಇಲ್ಲಿ ಸ್ಟಿಕ್ಸ್ ಅನ್ನುತ್ತಾರೆ, ಒಂದೊಂದಾಗಿ ಮರಕ್ಕೆ ಕಟ್ಟುತ್ತಾ ಹತ್ತಬಹುದು. ಕೊಂಬೆ ಬಂದರೆ ಪಕ್ಕಕ್ಕೆ ಸರಿಸಿ ಕಟ್ಟಿದರಾಯ್ತು. ನಿಂತು ಬಾಣ ಬಿಡುವುದಕ್ಕೂ ಇದೇ ಸಲೀಸು, ಕಾಲಡಿ ಗಟ್ಟಿ ಜಾಗ ಇರುತ್ತದೆ. ಕಷ್ಟ ಇರುವುದು ಕೊನೆಯ ಐದು ನಿಮಿಷದಲ್ಲಿ. ಸೊಂಟದ ಹಗ್ಗಕ್ಕೆ ಒರಗಿ, ಕೊನೆಯ ಮೆಟ್ಟಿಲ ಮೇಲೆ ಕಾಲ್ಬೆರಳಲ್ಲಿ ನಿಂತು, 12-14 ಪೌಂಡಿನ ಸ್ಟ್ಯಾಂಡನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು ಪಟ್ಟಿ ಸುತ್ತಬೇಕು. ಎಷ್ಟೇ ಟೇಪು ಸುತ್ತಿದರೂ ಎಲ್ಲೋ ಒಂದು ಬಕಲ್ ಠಣ್ ಅನ್ನುತ್ತದೆ. ಸ್ಟಿಕ್ಸ್ ಸೇರಿಸಿದರೆ ತೂಕ ಕ್ಲೈಂಬರ್‌ಗಿಂತ ಕಡಿಮೆ ಏನಿಲ್ಲ. ಹೈವೇ 64ರ ಉತ್ತರಕ್ಕೆ ಇಲಾಖೆಯ ಜಾಗದಲ್ಲಿ ಒಂದೊಂದು ಕೌಂಟಿಗೆ ಎರಡು ಸ್ಟ್ಯಾಂಡ್ ರಾತ್ರಿಯೂ ಬಿಡಬಹುದು. ಅಲ್ಲಿ ಬೇಟೆಯಾಡುವವರಾದರೆ ನಾನೂ ಹ್ಯಾಂಗ್-ಆನ್ ಅಂತಲೇ ಹೇಳುತ್ತಿದ್ದೆ.

ಸ್ಯಾಡಲ್ ಅಂದ್ರೆ ಸೊಂಟ-ತೊಡೆಗೆ ಕಟ್ಟಿಕೊಳ್ಳುವ ಬಟ್ಟೆಯ ಜೋಲಿ. ಮರಕ್ಕೆ ಒಂದು ಹಗ್ಗ, ಅದಕ್ಕೆ ನೀವು. ಮುಖ ಮರದ ಕಡೆ. ಅಡಿಕೆ ತೋಟದಲ್ಲಿ ಕೊನೆಗಾರರು ಮಣೆ ಕಟ್ಟಿ ಮರಕ್ಕೆ ಆತುಕೊಂಡು ಕೂರುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಪಾದಕ್ಕೆ ಎರಡು ಬೂಟು ಹಿಡಿಯುವಷ್ಟು ಪುಟ್ಟ ತಟ್ಟೆ. ಹ್ಯಾಂಗ್-ಆನ್‌ಗೆ ಕೊಂಡಿದ್ದ ಸ್ಟಿಕ್ಸ್ ಇದಕ್ಕೂ ಆಯ್ತು. ಬಾಗಿದ ಮರ, ಕವಲೊಡೆದ ಮರ, ಗಂಟುಗಂಟಿನ ಮರ, ಎಲ್ಲ ನಡೆಯುತ್ತದೆ. ಸಿಲ್ವರ್ ಮೇಪಲಿನ ಕವಲುಗಳ ನಡುವೆ ಕೂತರೆ ಆ ಕವಲುಗಳೇ ಮರೆ.

ನನಗೆ ಇದು ಹಿಡಿಸಿದ್ದು ಒಂದು ಸಂಜೆ. ಗುಡ್ಡದ ಅರ್ಧದಲ್ಲಿ ವೈಟ್ ಓಕ್, ಬುಡದಿಂದಲೇ ಸ್ವಲ್ಪ ವಾಲಿದ ಮರ, ಕೆಳಗೆ ತಾಜಾ ಸಿಪ್ಪೆ. ಕ್ಲೈಂಬರ್ ಆಗಿದ್ದರೆ ಆ ಮರವನ್ನು ನೋಡಿ ಸುಮ್ನೆ ಮುಂದೆ ಹೋಗಬೇಕಿತ್ತು. ಹದಿನೈದಡಿ ಮೇಲೆ ಹಗ್ಗಕ್ಕೆ ಒರಗಿ ಕೂತೆ. ಬಿಸಿಲು ಇಳಿದ ಮೇಲೆ ತಣ್ಣಗಾದ ಗಾಳಿ ಗುಡ್ಡದಿಂದ ಕೆಳಕ್ಕೆ ಜಾರಲು ಶುರುವಾಗುತ್ತದೆ. ಜಿಂಕೆ ಮೇಲಿನಿಂದ ಇಳಿದು ಬಂದರೆ ನನ್ನ ವಾಸನೆ ಅದಕ್ಕೆ ಸಿಗುವುದಿಲ್ಲ. ಎರಡು ಎಳೆ ಗಂಡುಗಳು ಹಾಗೇ ಬಂದವು. ಮುಂದಿನದು ಕಾಯಿ ಬಾಯಿಗೆ ಹಾಕಿಕೊಂಡು ತಲೆ ಎತ್ತಿ ನೇರ ಮೇಲೆ ನೋಡಿತು. ನಾನು ತಟ್ಟೆಯ ಅಂಚಿನಲ್ಲಿ ಒಂದು ಹೆಜ್ಜೆ ಬಲಕ್ಕೆ ಸರಿದೆ, ಕಾಂಡ ನಮ್ಮಿಬ್ಬರ ನಡುವೆ ಬಂತು. ಅದು ಕಿವಿ ಮುಂದೆ ಮಾಡಿ, ಒಂದು ಕಾಲು ನೆಲಕ್ಕೆ ಕುಟ್ಟಿ, ಏನೂ ಆಗದ್ದು ನೋಡಿ ಮತ್ತೆ ಬಾಯಾಡಿಸಿತು. ಅವನ್ನು ಬಿಟ್ಟೆ. ಹಿಂದೆ ಬಂದ ಹೆಣ್ಣು ಎಡಕ್ಕೆ 18 ಗಜದಲ್ಲಿ ಅಡ್ಡ ನಿಂತಿತು. ಬಲಗೈಯವರಿಗೆ ಸ್ಯಾಡಲ್‌ನಲ್ಲಿ ಎಡಗಡೆ ಅಂದ್ರೆ ತಟ್ಟೆಯಲ್ಲಿಟ್ಟ ಊಟ. ಆ ಸೆಖೆಯಲ್ಲಿ ಮಾಂಸ ಕೆಡುವ ಮುಂಚೆ ಐಸ್ ಮುಟ್ಟಿಸುವ ಓಡಾಟ ಬೇರೆ ಕಥೆ. ಐಸ್ ಚೀಲ ಕಾರಿನಲ್ಲೇ ಇರಲಿ.

ಸ್ಯಾಡಲ್‌ಗೆ ದೋಷ ಇಲ್ಲವೇ? ಇದೆ. ಬಲಗಡೆ ಬಂದ ಜಿಂಕೆಗೆ ಬಲಗೈಯವರು ಮರ ಸುತ್ತಿ ತಿರುಗಬೇಕು, ಅಥವಾ ಹಗ್ಗದ ಮೇಲಿಂದ ಬಿಲ್ಲು ದಾಟಿಸಬೇಕು. ಅಭ್ಯಾಸ ಇಲ್ಲದೆ ಆಗುವ ಕೆಲಸ ಅಲ್ಲ. ಮನೆ ಹಿಂದಿನ ಮರದಲ್ಲಿ ಎರಡಡಿ ಎತ್ತರದಲ್ಲಿ ನೇತಾಡಿ ಕಲಿಯಿರಿ. ನೆರೆಯವರು ನೋಡಿ ನಗುತ್ತಾರೆ, ನಗಲಿ. ಸೊಂಟದ ಎರಡು ಬದಿ ಹಿಂಡಿದ ಹಾಗಾಗುತ್ತದೆ. ಮರಕ್ಕೆ ಕಟ್ಟುವ ಟೆದರ್ ಹಗ್ಗವನ್ನು ಹಣೆ ಎತ್ತರಕ್ಕಿಂತ ಒಂದು ಚೂರು ಮೇಲೆ ಕೆಳಗೆ ಮಾಡಿ, ಸ್ಯಾಡಲಿನ ಎರಡು ಬದಿಯನ್ನು ಮುಂದೆ ಜೋಡಿಸುವ ಬ್ರಿಜ್ ಹಗ್ಗ ಉದ್ದ ಮಾಡಿ ನೋಡಿದರೆ ಹದ ಸಿಗುತ್ತದೆ. ನನಗೆ ಮೂರು ಗಂಟೆ ಆರಾಮ. ಇಡೀ ದಿನ ಕೂರುವವರು ಇನ್ನೊಮ್ಮೆ ಯೋಚಿಸಿ. ನಾನು ಸೆಪ್ಟೆಂಬರಿನಲ್ಲಿ ಬೆಳಿಗ್ಗೆ ಕೂರುವುದೇ ಇಲ್ಲ. ಮೇದು ವಾಪಸ್ ಬರುವ ಜಿಂಕೆಯನ್ನು ಕತ್ತಲಲ್ಲಿ ಎಬ್ಬಿಸಿ ಓಡಿಸುವುದೇ ಜಾಸ್ತಿ.

ಪಾಯ್ಸನ್ ಐವಿ: ತಗ್ಗಿನ ಮರಗಳ ಕಾಂಡಕ್ಕೆ ರೋಮದಂಥ ಬೇರಿನ ಬಳ್ಳಿ ಹಬ್ಬಿದ್ದರೆ ಆ ಮರ ಬಿಡಿ. ಸ್ಯಾಡಲ್‌ನವರು ಮರ ತಬ್ಬಿಕೊಂಡೇ ಇರುತ್ತಾರಲ್ವಾ, ವಾರಗಟ್ಟಲೆ ಕೆರೆದುಕೊಳ್ಳಬೇಕು.

ಸೊಳ್ಳೆ: ಮೂರರಲ್ಲೂ ಒಂದೇ.

ಬೀಳುವ ಭಯ: ಕ್ಲೈಂಬರ್, ಹ್ಯಾಂಗ್-ಆನ್ ಎರಡಕ್ಕೂ ಬೇರೆಯಾಗಿ ಫುಲ್-ಬಾಡಿ ಹಾರ್ನೆಸ್, ಅಂದ್ರೆ ಇಡೀ ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ, ಬೇಕೇ ಬೇಕು. ಸ್ಯಾಡಲ್‌ನಲ್ಲಿ ಕೂರುವ ಸಾಧನವೇ ಕಟ್ಟಿಕೊಂಡ ಪಟ್ಟಿ. ಹತ್ತುವಾಗ ಸೊಂಟದ ಹಗ್ಗ ಮರಕ್ಕೆ ಸುತ್ತಿರುತ್ತದೆ, ಮೇಲೆ ಹೋಗಿ ಟೆದರ್ ಹಾಕಿಕೊಂಡ ಮೇಲೆಯೇ ಅದನ್ನು ಬಿಚ್ಚುವುದು. ಈ ಎರಡರ ನಡುವೆ ಒಂದು ಕ್ಷಣವೂ ಹಗ್ಗವಿಲ್ಲದೆ ಇರಬಾರದು.

ದುಡ್ಡಿನ ವಿಷಯ. ಸೆಕೆಂಡ್‌ಹ್ಯಾಂಡ್ ಕ್ಲೈಂಬರ್‌ಗೆ 200 ಡಾಲರ್ ಕೊಟ್ಟಿದ್ದೆ, 160ಕ್ಕೆ ಹೋಯಿತು. ಸ್ಯಾಡಲ್, ಹಗ್ಗಗಳು, ತಟ್ಟೆ ಸೇರಿ ಸುಮಾರು 400 ಆಯ್ತು, ಸ್ಟಿಕ್ಸ್ ನನ್ನ ಹತ್ತಿರವೇ ಇತ್ತು. ಎಲ್ಲ ಹೊಸದಾಗಿ ಕೊಳ್ಳುವವರಿಗೆ ಇನ್ನೂ ಜಾಸ್ತಿ ಬೀಳುತ್ತದೆ. ಅಷ್ಟು ಹಾಕಲು ಮನಸ್ಸಿಲ್ಲದಿದ್ದರೆ ಒಂದು ಪುಟ್ಟ ಸ್ಟೂಲ್ ಹಿಡಿದು ಬಿದ್ದ ಮರದ ಹಿಂದೆ ನೆಲದ ಮೇಲೇ ಕೂತುಕೊಳ್ಳಿ, ಸೆಪ್ಟೆಂಬರಿನ ಎಲೆ ಮರೆ ಅದಕ್ಕೂ ಸಾಕು. ನನ್ನ ಕಾರು ಸಣ್ಣದು, ಬೆನ್ನು ಹಳೆಯದು, ಸಿಗುವುದು ವಾರದ ಮಧ್ಯದ ಸಂಜೆಗಳು. ಸ್ಯಾಡಲ್ ಸೊಂಟಕ್ಕೆ ಕಟ್ಟಿಕೊಂಡೇ ಪಾರ್ಕಿಂಗಿನಿಂದ ನಡೆದುಬಿಡುತ್ತೇನೆ, ಬೆನ್ನಿಗೆ ಸ್ಟಿಕ್ಸ್ ಮತ್ತು ತಟ್ಟೆ ಮಾತ್ರ. ನವೆಂಬರಿನಲ್ಲಿ ಎಲೆ ಉದುರಿ ಇಡೀ ದಿನ ಕೂರುವ ಕಾಲ ಬಂದಾಗ ಗ್ಯಾರೇಜಿನ ಹ್ಯಾಂಗ್-ಆನ್ ಒಂದೆರಡು ಸಲ ಇಳಿಯುತ್ತದೆ, ಅದಕ್ಕೇ ಮಾರಿಲ್ಲ. ಸ್ಯಾಡಲ್ ತೊಗೊಳ್ಳುವವರು ಅದರ ಜೊತೆಗೇ ಮೊಣಕಾಲಿನ ಪ್ಯಾಡನ್ನೂ ತೊಗೊಳ್ಳಿ. ಮರಕ್ಕೆ ತಾಗುವುದು ಮೊಣಕಾಲೇ. ಓಕ್ ತೊಗಟೆ ಪ್ಯಾಂಟನ್ನೂ ಉಳಿಸಲ್ಲ, ಚರ್ಮವನ್ನೂ ಉಳಿಸಲ್ಲ.